ರೂತಮ್ಮನ ಐತವಾರದ ಗಾಳಿ

ಮೂವತ್ತೊಂದು ವರ್ಷ ನಾ ರೈಲಿಗೆ ಗಾಳಿ ತುಂಬೀನಿ,
ಗದಗ ರೋಡಿನ ವರ್ಕ್‌ಶಾಪು, ಬ್ರೇಕ್ ಸೆಕ್ಷನ್ನು.
ಐದು ಕಿಲೋ ಒತ್ತಡ. ಐದಂದ್ರ ಐದು.
ಇಪ್ಪತ್ನಾಲ್ಕು ಡಬ್ಬಿ ಸಾಲಾಗಿ ನಿಂತ್ರೂ
ಅಷ್ಟರಾಗ ಮುಗೀತಿತ್ತು ಸಂಸಾರ.

ಈಗ ಎಸ್ತರ್ ಒಂದು ಚೀಟಿ ತಂದಾಳ,
ಅವರ ಕೋಚ್ ಬರದು ಕೊಟ್ಟದ್ದು:
ಹತ್ತು ಮೀಟರ್ ಬಂದೂಕು, ಇನ್ನೂರು ಬಾರ್.
ನಾ ಕನ್ನಡಕ ಒರಸಿ ಮತ್ತ ಓದಿದೆ.
ಮೊಳ ಉದ್ದಿಲ್ಲದ ಕೊಳವಿಯೊಳಗ
ರೈಲಿನ ನಲವತ್ತು ಪಟ್ಟು.

ಸ್ಪ್ರಿಂಗಿಂದು ತಗೋರಿ, ಅಂದ ದುರ್ಗದಬೈಲಿನ ಅಂಗಡ್ಯಾವ.
ಪಂಪು ಬ್ಯಾಡ, ಪಜೀತಿ ಬ್ಯಾಡ, ನಡು ಮಡಚಿದ್ರಾತು.
ಎಸ್ತರ್ ಒಂದ ಸಲ ಹೊಡದು ನೋಡಿದಳು.
ಗುಂಡು ನಳಿಗಿ ದಾಟೂದರೊಳಗ ಒಳಗಿನ ಸ್ಪ್ರಿಂಗು ಜಿಗದು
ಬಂದೂಕಽ ಬೆಚ್ಚಿಬಿತ್ತು.
"ಪಪ್ಪಾ, ಇದು ನನಗಿಂತ ಮದಲ ಹೆದರತೈತಿ."

ಧಾರವಾಡ, ಸಪ್ತಾಪುರ. ಮುಧೋಳಕರ ಮಾಸ್ತರು
ದಿವಾನದ ಮ್ಯಾಲೆ ದುಪ್ಪಟಿ ಹಾಸಿ ಎರಡು ಮಲಗಿಸಿದ್ರು.
ಒಂದು ಜರ್ಮನಿದು, ಅಕ್ರೋಟ ಕಟಗಿ, ಕನ್ನಡಿಯಂಥ ಹೊಳಪು.
ಇನ್ನೊಂದು ಗೀರು ಬಿದ್ದದ್ದು,
ಕೆನ್ನಿ ಆನಿಸೂ ಕಡೆ ಸೈಕಲ್ ಟ್ಯೂಬು ಸುತ್ತಿದ್ದು.
ಮಾಸ್ತರು ನಳಿಗಿ ಹೊಗಳಿದ್ರು, ಟ್ರಿಗರ್ ಹೊಗಳಿದ್ರು,
ನಾ ಸಿಲಿಂಡರ್ ತಿರುವಿ ತಾರೀಖು ಹುಡಿಕಿದೆ.
ಬಣ್ಣ ಯಾರ ಬೇಕಾದ್ರೂ ಬಳೀತಾರ,
ತಾರೀಖು ಕೆತ್ತಿದ್ದು ಸುಳ್ಳಾಡೂದಿಲ್ಲ.
ಚೆಲಿವಿ ಆಯುಷ್ಯ ಹೋದ ದೀಪಾವಳಿಗೇ ತೀರಿತ್ತು.
ಟ್ಯೂಬಿನಾಕಿಗೆ ಇನ್ನಾ ಆರು ವರ್ಷ.

ಚಿಗರಿ ಬಸ್ಸಿನ್ಯಾಗ ತೊಡಿ ಮ್ಯಾಲೆ ಅಡ್ಡ ಇಟಗೊಂಡು ಬಂದೆ.
ಮಗ್ಗಲದಾಕಿ, ತಂಬೂರಿ ಏನ್ರಿ? ಅಂದ್ಲು.
ಹೂಂ ಅಂದೆ.

ಇನ್ನ ಗಾಳಿ.
ಪಂಚರ್ ಖಾದರಸಾಬನ ಕಂಪ್ರೆಸರು ಹತ್ತಕ್ಕಽ ಏದುಸಿರು ಬಿಡತೈತಿ.
ಕಡಲಾಗ ಮುಳುಗಾವರ ಸಿಲಿಂಡರ್ ಬರತಾವು, ಅಂದ್ರು ಕೋಚ್.
ಖರೆ, ಆದ್ರ ಖಾಲಿ ಆದಾಗೊಮ್ಮೆ
ಘಟ್ಟ ಇಳದು ಕಡಲಿಗೆ ಹೋಗಿ ಬರಾವ್ರು ಯಾರು?
ಉಣಕಲ್ ಕೆರಿಯಾಗಂತೂ ಸಿಲಿಂಡರ್ ಕಟಗೊಂಡು
ಮುಳುಗಿದಾವ್ರನ್ನ ನಾ ಕಂಡಿಲ್ಲ.

ವೆಲ್ಡಿಂಗ್ ಚನ್ನಪ್ಪ ಭುಜ ತಟ್ಟಿದ:
"ನನ್ನ ಕಡೆ ಆಕ್ಸಿಜನ್ ಐತಲ್ಲೋ ಮಾರಾಯಾ, ಅದೂ ಗಾಳೀನಽ."
ಅವನ ಮ್ಯಾಲೆ ದನಿ ಎತ್ತಿದ್ದು ಆವತ್ತಽ ಮದಲು.
ಅಷ್ಟು ಒತ್ತಡದಾಗ ಅದಕ್ಕ ಒಂದ ಹನಿ ಎಣ್ಣಿ ಸಿಕ್ರ ಸಾಕು,
ಕಡ್ಡಿ ಗೀರೂದು ಬ್ಯಾಡ.
ಅದರ ಮಗ್ಗಲಕ್ಕ ನನ್ನ ಮಗಳ ಕೆನ್ನಿ ಇರತೈತಿ.

ಕಡೀಕ ಕೈಪಂಪು.
ಎಸ್ತರ್ ನಲವತ್ತಾರು ಕಿಲೋ,
ಮುಳ್ಳು ನೂರೈವತ್ತು ಮುಟ್ಟಿತಂದ್ರ
ಹಿಡಿಕಿಗೆ ಬಾವಲಿಯಂಗ ಜೋತು ಬೀಳತಾಳ.
ನನ್ನ ಭುಜ ಯಾವತ್ತೋ ರೈಲಿಗೆ ಬರಕೊಟ್ಟಾಗೇತಿ.

ಅಡಗಿಮನಿಯಿಂದ ಬಂದ್ಲು ರೂತಮ್ಮ,
ಕೈಗೆ ಹತ್ತಿದ ಹಿಟ್ಟು ತೊಳಕೊಂಡು,
ಸೆರಗು ಬಿಗದು.
ಎಂಬತ್ತೆಂಟು ಕಿಲೋ.
ಡಾಕ್ಟರು ಬೈದ ಕಿಲೋ, ನೆಗೆಣ್ಣಿ ನಕ್ಕ ಕಿಲೋ,
ಆಟೋದಾವ "ಅಕ್ಕಾರ, ನಡಕ ಕುಂಡರ್ರಿ" ಅಂದ ಕಿಲೋ,
ಎಲ್ಲಾ ಹಿಡಿಕಿ ಮ್ಯಾಲೆ ಇಟ್ಟಳು.
ಮುಳ್ಳು ನೂರರವತ್ತು. ನೂರೆಂಬತ್ತು.
ತಡಿ, ಬಿಸಿ ಆಗೇತಿ, ಆರಲಿ, ಅಂದೆ ನಾನು;
ಒಳಗಿನ ಪಸಿ ಹೊರಗ ಬಿಡು.
ಹಿಸ್ ಅಂತ ಅರ್ಧ ಚಮಚೆ ಮೋಡ.
ಮತ್ತ ಇಳಿದಳು, ಮತ್ತ ಎದ್ದಳು.
ಇನ್ನೂರು.

ಈಗ ಪ್ರತಿ ಐತವಾರ, ಚರ್ಚಿನಿಂದ ಬಂದು ಚಪ್ಪಲಿ ಬಿಟ್ಟು,
ಜರದ ಸೀರಿ ಬದಲಿ ಮಾಡೂಕಿಂತ ಮದಲ
ಎಂಬತ್ತೈದು ಸಲ.

ನನಗ ಗೊತ್ತಿದ್ದದ್ದು ಒಂದಽ ಶಾಸ್ತ್ರ:
ಗಾಳಿ ಹೋತಂದ್ರ ಗಾಲಿ ಹಿಡಕೋತಾವು, ಎಲ್ಲಾ ನಿಲ್ಲತೈತಿ.
ಗಾಳಿ ಹೋದಮ್ಯಾಲೆ ಹೊರಡೂದು
ಅರವತ್ತಕ್ಕ ಬಂದು ಕಲಿಯಾಕತ್ತೀನಿ.

ಎಸ್ತರ್ ಅರ್ಧ ಉಸಿರು ಬಿಟ್ಟು ಅಲ್ಲೇ ನಿಂತಳು.
ಹಿಂದಿನ ಬೆಂಚಿನ ಮ್ಯಾಲೆ ನಾನೂ ನಿಂತೆ.
ಟಪ್.
ಕಾಗದದಾಗ ಸಾಸಿವಿಗಿಂತ ತುಸು ದೊಡ್ಡ ತೂತು.
ಒಂಬತ್ತು.

ರೂತಮ್ಮ ಗುರಿ ನೋಡಲೇ ಇಲ್ಲ,
ಬಗ್ಗಿ ಮುಳ್ಳು ನೋಡಿದಳು:
"ನೂರಾ ಹತ್ತೈತಿ. ಬುಧವಾರತನಾ ಬರತೈತಿ."